ಕಕ್ಕಡದ ಮಳೆಗೆ ಯಾವ ಸಣ್ಣ ಪುಸ್ತಕ?

ಮಡಿಕೇರಿ ಕಡೆ ಮಳೆಗಾಲದಲ್ಲಿ ದಪ್ಪ ಪುಸ್ತಕ ಹಿಡಿದು ಕೂರುವುದು ಕಷ್ಟ. ಕರೆಂಟು ಯಾವಾಗ ಹೋಗುತ್ತದೋ, ಎಮರ್ಜೆನ್ಸಿ ಲೈಟು ಎಷ್ಟು ಹೊತ್ತು ಉರಿಯುತ್ತದೋ ಹೇಳಲಾಗದು. ಹಾಗಾಗಿ ಈ ಸಲ ಕಕ್ಕಡ, ಅಂದರೆ ಜುಲೈ-ಆಗಸ್ಟಿನ ನಮ್ಮ ಜಡಿಮಳೆಯ ತಿಂಗಳು, ಮುಗಿಯುವ ತನಕ ತೆಳ್ಳಗಿನವನ್ನೇ ಓದಿದೆ. ಕತೆ, ಜೀವನಚರಿತ್ರೆ, ಸಾಹಸ, ಮಾಹಿತಿ ಎಲ್ಲ ಬೆರಕೆ. ಚಿಕ್ಕದಾಗಿಯೇ ಹುಟ್ಟಿದ ಪುಸ್ತಕ ಬೇರೆ, ದೊಡ್ಡ ವಿಷಯವನ್ನು ಹಿಂಡಿ ಚಿಕ್ಕದು ಮಾಡಿದ್ದು ಬೇರೆ ಅನ್ನುವುದು ಅಕ್ಕಪಕ್ಕ ಇಟ್ಟಾಗಲೇ ಗೊತ್ತಾಗಿದ್ದು.

ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆ ಎರಡನೇ ಜಾತಿಯದು. ಎಲ್.ಎಸ್. ಶೇಷಗಿರಿರಾವ್ ಸಂಪಾದಿಸಿದ ಐನೂರಕ್ಕೂ ಹೆಚ್ಚು ಪುಟ್ಟ ಜೀವನಚರಿತ್ರೆಗಳು. ಮಕ್ಕಳಿಗೆ ಕೊಡಿ, ಖಂಡಿತ ಓದುತ್ತಾರೆ. ದೊಡ್ಡವರು ಒಂದರ ಹಿಂದೊಂದು ಓದಿದರೆ ಮಹನೀಯರೆಲ್ಲ ಒಂದೇ ಥರ ಕಾಣತೊಡಗುತ್ತಾರೆ.

ಆಕ್ಸ್‌ಫರ್ಡ್‌ನವರ ವೆರಿ ಶಾರ್ಟ್ ಇಂಟ್ರೊಡಕ್ಷನ್ ಮಾಲೆ 1995ರಿಂದ ಬರುತ್ತಿದೆ, ಒಂದೊಂದು ವಿಷಯಕ್ಕೆ ಒಂದೊಂದು ಇಂಗ್ಲಿಷ್ ಕಿರುಪುಸ್ತಕ. ಜರ್ಕಿನ್ ಜೇಬಿಗೆ ಹಿಡಿಯುವ ಗಾತ್ರ, ಆದರೆ ಒಳಗೆ ಉಸಿರಾಡಲು ಜಾಗವಿಲ್ಲ. ವಿಷಯ ಅರ್ಧ ಗೊತ್ತಿದ್ದವರಿಗೆ ಹಬ್ಬ, ಹೊಸಬರಿಗೆ ಮೊದಲ ಅಧ್ಯಾಯದಲ್ಲೇ ನಿದ್ದೆ.

ತೇಜಸ್ವಿಯವರ ಮಿಲನಿಯಂ ಮಾಲೆಯ 'ಮಹಾಪಲಾಯನ' ಮಾತ್ರ ಕೆಳಗಿಡಲು ಬಿಡಲಿಲ್ಲ. ಪೋಲೆಂಡಿನ ಸ್ಲಾವೊಮಿರ್ ರಾವಿಚ್ ಸೈಬೀರಿಯಾದ ಸೆರೆಶಿಬಿರದಿಂದ ತಪ್ಪಿಸಿಕೊಂಡು, ಗೋಬಿ ಮರುಭೂಮಿ, ಹಿಮಾಲಯ ದಾಟಿ ಭಾರತ ಮುಟ್ಟಿದ ಕಥನ. ಇಂಗ್ಲಿಷ್ ಮೂಲ ಬಂದದ್ದು 1956ರಲ್ಲಿ. ಆದರೆ ರಾವಿಚ್‌ನನ್ನು 1942ರಲ್ಲಿ ಬಿಡುಗಡೆ ಮಾಡಿ ಇರಾನಿನ ನಿರಾಶ್ರಿತರ ಶಿಬಿರಕ್ಕೆ ಕಳಿಸಲಾಗಿತ್ತು ಎನ್ನುವ ಸೋವಿಯತ್ ದಾಖಲೆಗಳನ್ನು 2006ರಲ್ಲಿ ಬಿಬಿಸಿ ಹೊರತಂದಿತು. ಹಾಗಿದ್ದರೆ ಈ ಪುಸ್ತಕವನ್ನು ಯಾವ ಕಪಾಟಿಗೆ ಸೇರಿಸುವುದು? ನಾನು ಕಾದಂಬರಿಗಳ ಸಾಲಿಗೆ ಸರಿಸಿದ್ದೇನೆ. ಓದಿನ ರುಚಿಯೇನೂ ಕಮ್ಮಿಯಾಗಿಲ್ಲ.

ನಮ್ಮೂರಿನ ಥಂಡಿಯ ಲೆಕ್ಕವೂ ಇದೆ. ನಡುವೆ ಪಿನ್ ಹೊಡೆದ ಪುಸ್ತಕದಲ್ಲಿ ಪಿನ್ನು ತುಕ್ಕು ಹಿಡಿದು, ಸುತ್ತಲೂ ಕಂದು ಕಲೆಯಾಗಿ, ನಡುಹಾಳೆ ಕೈಗೇ ಬರುತ್ತದೆ. ಅಂಟು ಹಾಕಿದ್ದು ಬೆನ್ನು ಬಿಡುತ್ತದೆ. ಒಲೆ ಮೇಲಿನ ಅಟ್ಟದಲ್ಲಿಟ್ಟರೆ ಬೂಷ್ಟು ಬರುವುದಿಲ್ಲ, ಹೊಗೆ ವಾಸನೆ ಮಾತ್ರ ಜನ್ಮಕ್ಕೂ ಹೋಗುವುದಿಲ್ಲ. ದಾರ ಹಾಕಿ ಹೊಲಿದದ್ದು ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿ.

ಕೊನೆಗೆ ನನ್ನ ಕೈಯಲ್ಲಿ ಉಳಿದ ಎರಡೂ ಕತೆಯವೇ. ಒಂದು ಕೊಡಗಿನ ಗೌರಮ್ಮ ಅವರ ಕತೆಗಳು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, 1939ರಲ್ಲಿ ನೀರುಪಾಲಾದಾಗ ಇಪ್ಪತ್ತೇಳು ವಯಸ್ಸು. ಗಾಂಧೀಜಿ 1934ರಲ್ಲಿ ಕೊಡಗಿಗೆ ಬಂದಾಗ ಉಪವಾಸ ಕೂತು, ಅವರನ್ನು ಮನೆಗೆ ಕರೆಸಿಕೊಂಡು, ಹರಿಜನ ನಿಧಿಗೆ ಮೈಮೇಲಿನ ಒಡವೆ ಬಿಚ್ಚಿಕೊಟ್ಟ ಹೆಣ್ಣುಮಗಳು. ಆ ಹಟ ಕತೆಗಳಲ್ಲೂ ಇದೆ. 'ವಾಣಿಯ ಸಮಸ್ಯೆ', 'ಅಪರಾಧಿ ಯಾರು?' ತರಹದವು ಕೆಲವೇ ಪುಟಗಳಲ್ಲಿ ಮುಗಿಯುತ್ತವೆ, ಆದರೆ ತಪ್ಪು ಯಾರದೆಂದು ಊಟದ ಹೊತ್ತಿಗೂ ಯೋಚಿಸುತ್ತಿರುತ್ತೀರಿ. ಕೆಲವೆಡೆ ಕಣ್ಣೀರು ಜಾಸ್ತಿಯಾಯಿತು ಅನ್ನಿಸಿದ್ದು ನಿಜ. ಆದರೂ ಕರೆಂಟು ಹೋದ ರಾತ್ರಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಇನ್ನೊಂದು ವಿವೇಕ ಶಾನಭಾಗರ 'ಘಾಚರ್ ಘೋಚರ್'. ಬಡತನದಿಂದ ದಿಢೀರನೆ ದುಡ್ಡಿಗೆ ಹಾರಿದ ಬೆಂಗಳೂರಿನ ಮನೆ, ದುಡಿಯುವ ಚಿಕ್ಕಪ್ಪನ ಮರ್ಜಿಯಲ್ಲಿ ಮಿಕ್ಕವರೆಲ್ಲ. ಹಳೇ ಮನೆಯಲ್ಲಿ ಇರುವೆಗಳ ಮೇಲೆ ಯುದ್ಧ ಸಾರುವ ಭಾಗ ಓದುವಾಗ ನಕ್ಕೆ. ಮುಂದೆ ಅದೇ ಜನ ಮನುಷ್ಯರ ಜೊತೆ ಹೇಗಿರುತ್ತಾರೆಂದು ತಿಳಿದಾಗ ಆ ನಗುವಿಗೆ ನಾಚಿಕೆಯಾಯಿತು. ಇದನ್ನು ಇನ್ನೂ ನೂರು ಪುಟ ಎಳೆದಿದ್ದರೆ ಕೆಡುತ್ತಿತ್ತು.

ಒಂದೇ ಪುಸ್ತಕ ಚೀಲಕ್ಕೆ ಹಾಕಿಕೊಳ್ಳುವುದಾದರೆ ಇದನ್ನೇ ಹಾಕಿಕೊಳ್ಳಿ, ಮೈಸೂರು ಬಸ್ಸಿನಲ್ಲಿ ಮುಗಿಯುತ್ತದೆ. ತಿರುವಿನಲ್ಲಿ ಹೊಟ್ಟೆ ತೊಳಸುವವರು ಕುಶಾಲನಗರ ದಾಟಿದ ಮೇಲೆ ಶುರುಮಾಡಿ.