ರೈತ ಗುಂಪಿನಲ್ಲಿ ಗೊಬ್ಬರ ಖರೀದಿ: ನಾಲ್ಕು ಮಳೆಗಾಲ ಕಂಡ ಮೇಲೆ

ಕೊಡಗಿನ ಸುಂಟಿಕೊಪ್ಪ ಹತ್ತಿರ ನಮ್ಮದು ಮೂರೂವರೆ ಎಕರೆ ರೋಬಸ್ಟಾ ಕಾಫಿ, ಜೊತೆಗೆ ಸಿಲ್ವರ್ ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ನಾಲ್ಕು ವರ್ಷದ ಹಿಂದೆ ಎರಡು ಸಾವಿರ ರೂಪಾಯಿ ಶೇರು ಕಟ್ಟಿ ರೈತರೇ ಶೇರುದಾರರಾಗಿರುವ ರೈತ ಉತ್ಪಾದಕ ಕಂಪನಿಗೆ ಸೇರಿದೆ, ಅದೇ ನಮ್ಮ ಗುಂಪು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ.

ಗೊಬ್ಬರ ಅಗ್ಗಕ್ಕೆ ಸಿಗುತ್ತೆ ಅಂತ ಸೇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಯೂರಿಯಾದಲ್ಲಿ ಏನೂ ಉಳಿಯುವುದಿಲ್ಲ. 45 ಕೆಜಿ ಚೀಲದ ದರ ಸರ್ಕಾರವೇ ಕಟ್ಟಿದ್ದು, ಅಂಗಡಿಯಲ್ಲೂ ಅಷ್ಟೇ, ಗುಂಪಿನಲ್ಲೂ ಅಷ್ಟೇ. ಗುರುತಿಗೆ ಮೆಷಿನ್ನಿನಲ್ಲಿ ಹೆಬ್ಬೆಟ್ಟು ಒತ್ತುವುದೂ ತಪ್ಪಲ್ಲ. ಆದರೆ 'ಯೂರಿಯಾ ಬೇಕಾದರೆ ಈ ಡಬ್ಬಿಯನ್ನೂ ತಗೊಳ್ಳಿ' ಅನ್ನುವ ಅಂಗಡಿಯವರ ಕಾಟ ಇಲ್ಲಿಲ್ಲ. ನನಗೆ ಅದೇ ದೊಡ್ಡದು.

ನಿಜವಾದ ಲಾಭ ಮಣ್ಣಿನ ಹುಳಿ ತಗ್ಗಿಸುವ ಕೃಷಿ ಸುಣ್ಣದಲ್ಲಿ. ನಮ್ಮ ಮಣ್ಣು ಹುಳಿ, ಜೋರು ಮಳೆಗೆ ಸುಣ್ಣದ ಅಂಶ ತೊಳೆದು ಹೋಗುತ್ತದೆ. ಇಷ್ಟು ಸಣ್ಣ ತೋಟಕ್ಕೆ ಯಾರು ಲಾರಿ ಕಳಿಸುತ್ತಾರೆ? ಇಪ್ಪತ್ತು ಮನೆ ಸೇರಿದರೆ ಒಂದು ಲೋಡು. ಲಾರಿ ಡಾಂಬರು ರಸ್ತೆಯಲ್ಲೇ ನಿಲ್ಲುತ್ತದೆ, ಅಲ್ಲಿಂದ ಪಿಕಪ್. ಆದರೂ ಲೆಕ್ಕ ಹಾಕಿದರೆ ಚೀಲಕ್ಕೆ ಒಳ್ಳೆಯ ಉಳಿತಾಯ. ಮಣ್ಣು ಪರೀಕ್ಷೆ ಮಾಡಿಸದೆ ಸುಮ್ನೆ ಸುರಿಯಬೇಡಿ. ಹಾಕಿದ ಕೂಡಲೇ ಯೂರಿಯಾನೂ ಕೊಡಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ.

ಎಡವಿದ್ದು ಎರಡನೇ ವರ್ಷ, ಮೆಣಸಿನ ಬಳ್ಳಿಗೆ ರೋಗ ತಗಲದಂತೆ ಹೊಡೆಯುವ ಬೋರ್ಡೋ ದ್ರಾವಣದ ಸಾಮಾನಿನಲ್ಲಿ. ಅರ್ಧ ಜನ ಮುಂಗಡ ಕೊಡಲು ಇವತ್ತು ನಾಳೆ ಅಂದರು. ನಾನೂ ಅವರಲ್ಲೊಬ್ಬ, ಸುಳ್ಳೇಕೆ. ಮೈಲುತುತ್ತ (ತಾಮ್ರದ ಸಲ್ಫೇಟ್), ಸುಟ್ಟ ಸುಣ್ಣ ಬರುವಾಗ ಜೂನ್ ಅರ್ಧ ಕಳೆದಿತ್ತು, ಮಳೆ ಹಿಡಿದಿತ್ತು. ಸುಣ್ಣ ತೇವ ಹೀರಿ ಚೀಲದಲ್ಲೇ ಅರಳಿ ಪುಡಿಯಾಗಿತ್ತು. ನೂರು ಲೀಟರ್ ನೀರಿಗೆ ಒಂದೊಂದು ಕೆಜಿ ಹಾಕಿ ಚಾಕು ಅದ್ದಿದರೆ ತಾಮ್ರದ ಕೆಂಪು ಹತ್ತಿಕೊಂಡಿತು, ಅಂದರೆ ಸುಣ್ಣ ಸಾಲದು. ಮತ್ತೆ ಮತ್ತೆ ಸುಣ್ಣ ಸೇರಿಸಿದ ಮೇಲೆ ಸರಿಹೋಯಿತು. ಬಿಸಿಲು ಕಾದು ಹೊಡೆಯುವಷ್ಟರಲ್ಲಿ ತಗ್ಗಿನ ಹನ್ನೊಂದು ಬಳ್ಳಿ ಸೊರಗಿದವು. ಆಫೀಸಿನಲ್ಲಿ ಕೇಳಿದರೆ 'ಲೋಡು ಲೇಟಾಯ್ತು' ಅಂದರು, ಅಷ್ಟೇ. ಸರಕು ಬಂದಾಗ ಚೀಲ ಬಿಚ್ಚಿ ನೋಡುವವರು ಒಬ್ಬರೂ ಇರಲಿಲ್ಲ. ಈಗಲೂ ಇಲ್ಲ. ಅದಕ್ಕೇ ಒಂದೂವರೆ ಅಂಕ ಕಡಿಮೆ.

ಈ ಸಲ ಮಾರ್ಚ್‌ನಲ್ಲೇ ದುಡ್ಡು ಕಟ್ಟಿದೆ. ಮೈಲುತುತ್ತ ಗುಂಪಿನದು. ಸುಟ್ಟ ಸುಣ್ಣ ಮಾತ್ರ ನಾನೇ ಪುಡಿಯಾಗದ ಗಟ್ಟಿ ಹೆಂಟೆ ನೋಡಿ ಆರಿಸಿ ತಂದು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬಿಗಿಯಾಗಿ ಮುಚ್ಚಿಟ್ಟಿದ್ದೇನೆ.