ಕಾಗದದ ಮೇಲಿನ ಗೆರೆಯನ್ನು ನಂಬಿ ಗಿಟಾರ್ ಕೆಡಿಸಿಕೊಂಡೆ

ಎಲೆಕ್ಟ್ರಿಕ್ ಗಿಟಾರಿನ ನಕ್ಷೆಯನ್ನು ಎ4 ಹಾಳೆಗಳಲ್ಲಿ ಮುದ್ರಿಸಿ, ಒಂದಕ್ಕೊಂದು ಅಂಟಿಸಿ, ಅದರ ಮೇಲೆಯೇ ಟೆಂಪ್ಲೇಟ್ (ಮರ ಕೊರೆಯಲು ಅಚ್ಚಾಗುವ ಹಲಗೆ) ಕೊಯ್ಯಲು ಹೊರಟಿದ್ದರೆ ದಯವಿಟ್ಟು ಗರಗಸ ಕೆಳಗಿಡಿ. ಮೊದಲು ಉಕ್ಕಿನ ಅಳತೆಪಟ್ಟಿಯೊಂದನ್ನು ಹುಡುಕಿ. ನಾನು ಹುಡುಕಲಿಲ್ಲ. ಒಂದು ಒಳ್ಳೆಯ ಹಲಗೆ ಮತ್ತು ಮೂರು ತಿಂಗಳ ಭಾನುವಾರಗಳು ಅದಕ್ಕೆ ತೆತ್ತ ದಂಡ.

ನೆಕ್ಕನ್ನು, ಅಂದರೆ ಬೆರಳೊತ್ತಿ ನುಡಿಸುವ ಉದ್ದನೆಯ ಕತ್ತನ್ನು, ಸಿದ್ಧವಾದದ್ದೇ ಕೊಂಡಿದ್ದೆ. ಸ್ಕೇಲ್ ಉದ್ದ (ತಂತಿಯ ನುಡಿಯುವ ಭಾಗದ ಉದ್ದ) 25.5 ಇಂಚು, ಅಂದರೆ 647.7 ಮಿ.ಮೀ. ಬಾಡಿ ಮಾತ್ರ ನನ್ನ ಕೈಕೆಲಸ. ನಕ್ಷೆಯ ಮೂಲೆಯಲ್ಲಿ ‘100 ಮಿ.ಮೀ.’ ಎಂದು ಬರೆದ ಗೆರೆಯೊಂದಿತ್ತು. ಅದನ್ನು ಡಿವೈಡರಿನಲ್ಲಿ ಹಿಡಿದು ನಟ್ಟಿನಿಂದ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಬ್ರಿಡ್ಜಿನವರೆಗೆ (ಬಾಡಿಯ ಮೇಲೆ ತಂತಿಗಳು ಕೂರುವ ಭಾಗ) ಹೆಜ್ಜೆ ಹಾಕಿಸಿದೆ. ಆರೂವರೆಗೆ ಚೂರು ಕಡಿಮೆ. ಲೆಕ್ಕ ಸರಿ ಎಂದು ಬೀಗಿದೆ. ಆದರೆ ಮುದ್ರಿಸುವಾಗ ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ತಾನಾಗಿಯೇ ಕುಳಿತಿತ್ತು. ಇಡೀ ನಕ್ಷೆ ಶೇ 97ಕ್ಕೆ ಕುಗ್ಗಿತ್ತು, ಜೊತೆಗೆ ಆ ಗೆರೆಯೂ. ಕಳ್ಳನ ಪರವಾಗಿ ಕಳ್ಳನಿಂದಲೇ ಸಾಕ್ಷಿ ಹೇಳಿಸಿದ್ದೆ.

ಸುಳಿವು ಸಿಗಲಿಲ್ಲವೆಂದು ಹೇಳಲಾರೆ. ನೆಕ್ಕಿನ ಬುಡ 56 ಮಿ.ಮೀ. ಅಗಲ, ಅದು ಕೂರಬೇಕಾದ ಕುಳಿ 54 ಚಿಲ್ಲರೆ. ಯಾರಿಗಾದರೂ ಅನುಮಾನ ಬರಬೇಕಿತ್ತು. ನಾನು ನೆಕ್ ಮಾಡಿದವರನ್ನು ಬೈದುಕೊಂಡು, ಮರಳು ಕಾಗದದಿಂದ ಎರಡು ಸಂಜೆ ಕುಳಿಯ ಗೋಡೆ ಉಜ್ಜಿದೆ. ಕೊನೆಗೆ ನೆಕ್ ಬಿಗಿಯಾಗಿ ಕೂತಾಗ ಎಷ್ಟು ಹೆಮ್ಮೆಪಟ್ಟೆನೆಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ತಂತಿ ಕಟ್ಟಿದ ದಿನ ಬಣ್ಣ ಬಯಲಾಯಿತು. ತೆರೆದ ತಂತಿಗಳು ಶ್ರುತಿಯಲ್ಲಿದ್ದವು. 12ನೇ ಫ್ರೆಟ್ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿದರೆ ಟ್ಯೂನರಿನ ಮುಳ್ಳು ಬಲಕ್ಕೆ ಹಾರುತ್ತಿತ್ತು, ಅಂದರೆ ಸ್ವರ ಏರಿರುತ್ತಿತ್ತು. ಸ್ಯಾಡಲುಗಳನ್ನು, ಅಂದರೆ ಬ್ರಿಡ್ಜಿನಲ್ಲಿ ತಂತಿಗೊಂದರಂತೆ ಇರುವ ಪುಟ್ಟ ಆಸರೆಗಳನ್ನು, ಹಿಂದಕ್ಕೆ ಎಳೆಯುತ್ತ ಹೋದೆ. ತೆಳು ತಂತಿಗಳು ಹೇಗೋ ದಾರಿಗೆ ಬಂದವು. ದಪ್ಪ ಇ ತಂತಿಯ ಸ್ಯಾಡಲ್ ಮಾತ್ರ, ತಿರುಪು ಪೂರ್ತಿ ಮುಗಿದು ಸ್ಪ್ರಿಂಗ್ ಚಪ್ಪಟೆಯಾದರೂ, ಹತ್ತು ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಏರಿಯೇ ನಿಂತಿತು. ಆಗ ಅಳೆದೆ. ನೆಕ್ಕಿನ ಬುಡದಿಂದ ಬ್ರಿಡ್ಜಿಗೆ ಸುಮಾರು 185 ಮಿ.ಮೀ. ಇರಬೇಕಾದಲ್ಲಿ 179ರ ಆಸುಪಾಸು ಇತ್ತು. ಬ್ರಿಡ್ಜಿನ ತೂತುಗಳಿಗೆ ಮರದ ಬೆಣೆ ಹೊಡೆದು ಹಿಂದೆ ಹೊಸದಾಗಿ ಕೊರೆಯಬಹುದಿತ್ತು. ಆದರೆ ಬ್ರಿಡ್ಜಿಗಾಗಿ ತೋಡಿದ್ದ ಗುಂಡಿ ಎಲ್ಲಿಗೆ ಹೋದೀತು?

ಇದರಲ್ಲೊಂದು ತಮಾಷೆಯೂ ಇದೆ. 647.7ರ ಶೇ 97 ಎಂದರೆ 628.3. ಬಳಕೆಯಲ್ಲಿರುವ ಇನ್ನೊಂದು ಸ್ಕೇಲ್ ಉದ್ದ, 24.75 ಇಂಚು, 628.65 ಮಿ.ಮೀ. ಹೀಗಾಗಿ ಆ ಕಾಗದವನ್ನು ನಿಜವಾದ ಪಟ್ಟಿಯಿಂದ ಅಳೆದಿದ್ದರೂ ‘ಓ, ಇದು ಆ ಬಗೆಯ ಗಿಟಾರಿನ ನಕ್ಷೆ’ ಎಂದು ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆನೇನೋ.

ಈಗ ನಕ್ಷೆಯನ್ನು ನಾನೇ ಬರೆಯುತ್ತೇನೆ, ಒಂದೇ ದೊಡ್ಡ ಹಾಳೆಯಲ್ಲಿ. ಬಿಡಿಭಾಗಗಳು ಕೈಗೆ ಬರುವ ಮೊದಲು ಪೆನ್ಸಿಲ್ ಮುಟ್ಟುವುದಿಲ್ಲ. ನೆಕ್ಕಿನ ಬುಡ, ಬ್ರಿಡ್ಜು, ಪಿಕಪ್ಪು (ತಂತಿಯ ಕಂಪನ ಹಿಡಿಯುವ ಭಾಗ) ಎಲ್ಲವನ್ನೂ ಕ್ಯಾಲಿಪರ್ ಇಟ್ಟು ಅಳೆಯುತ್ತೇನೆ. ಮೊದಲು ನಡುರೇಖೆ, ಅದಕ್ಕೆ ಲಂಬವಾಗಿ ನಟ್ ಮತ್ತು ಸ್ಯಾಡಲಿನ ಗೆರೆ, ಆಮೇಲೆ ಮಿಕ್ಕಿದ್ದು. ಬಾಡಿಯ ಹೊರ ಅಂಚು ಎಲ್ಲಕ್ಕಿಂತ ಕೊನೆಗೆ, ಅದು ಎರಡು ಮಿಲಿಮೀಟರ್ ಅತ್ತಿತ್ತ ಆದರೂ ಗಿಟಾರ್ ನುಡಿಯುತ್ತದೆ. ಫ್ರೆಟ್ ಗುರುತಿಸುವುದಿದ್ದರೆ ಪ್ರತಿಯೊಂದನ್ನೂ ನಟ್ಟಿನಿಂದಲೇ ಅಳೆಯಿರಿ. ಹಿಂದಿನ ಫ್ರೆಟ್ಟಿನಿಂದ ಅಳೆಯುತ್ತ ಒಂದೊಂದಕ್ಕೂ 0.2 ಮಿ.ಮೀ. ಒಂದೇ ಕಡೆಗೆ ತಪ್ಪಿದರೆ 21ನೆಯದಕ್ಕೆ ಬರುವಷ್ಟರಲ್ಲಿ 4 ಮಿ.ಮೀ. ದಾಟಿರುತ್ತದೆ.

ಮುದ್ರಿಸಲೇಬೇಕೆಂದರೆ ಶೇ 100 ಎಂದು ಕೈಯಾರೆ ಒತ್ತಿ, ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಬೇರೆ ಬೇರೆಯಾಗಿ ಉಕ್ಕಿನ ಪಟ್ಟಿಯಿಂದ ಅಳೆಯಿರಿ. ಒಂದು ದಿಕ್ಕು ಸರಿಯಿದ್ದು ಇನ್ನೊಂದು ತಪ್ಪಿರಬಹುದು. ಟೆಂಪ್ಲೇಟಿನ ಎಂಡಿಎಫ್ ಹಲಗೆಯ ಮೇಲೆ ಅಂಟಿಸಲು ನೀರಿನಂಶದ ಅಂಟು ಬೇಡ, ಕಾಗದ ನೆನೆದು ಹಿಗ್ಗುತ್ತದೆ. ಟೆಂಪ್ಲೇಟಿನ ಅಂಚಿನಲ್ಲಿ ಉಳಿದ ಪ್ರತಿ ಕಚ್ಚನ್ನೂ ರೂಟರಿನ (ಮರ ಕೊರೆಯುವ ಯಂತ್ರ) ಬೇರಿಂಗು ಮರದ ಮೇಲೆ ಹಾಗೆಯೇ ಇಳಿಸುತ್ತದೆ.

ಬ್ರಿಡ್ಜಿನ ಜಾಗವನ್ನಂತೂ ಕಾಗದಕ್ಕೆ ಬಿಡಲೇಬೇಡಿ. ನೆಕ್ಕನ್ನು ತಿರುಪು ಹಾಕಿ ಕೂರಿಸಿ, ನಟ್ಟಿನಿಂದ 12ನೇ ಫ್ರೆಟ್ಟಿಗೆ ಅಳೆದು, ಅಷ್ಟೇ ದೂರವನ್ನು ಆ ಫ್ರೆಟ್ಟಿನಿಂದ ಬ್ರಿಡ್ಜಿನ ಕಡೆಗೆ ಗುರುತಿಸಿ. ತೆಳು ಇ ತಂತಿಯ ಸ್ಯಾಡಲನ್ನು ನೆಕ್ಕಿನ ಕಡೆಗೆ ತಂದು ಆ ಗುರುತಿನ ಮೇಲಿಡಿ. ಉಳಿದ ಸ್ಯಾಡಲುಗಳಿಗೆ ಹಿಂದೆ ಸರಿಯಲು ಜಾಗ ಉಳಿಯುತ್ತದೆ. ಎರಡು ಅಂಚಿನ ತಂತಿಗಳ ಜಾಗದಲ್ಲಿ ನೂಲು ಎಳೆದು, ನೆಕ್ಕಿನ ಎರಡೂ ಬದಿಯಲ್ಲಿ ಅಂತರ ಸಮವಾಗಿದೆಯೇ ಎಂದು ನೋಡಿದ ಮೇಲಷ್ಟೇ ಡ್ರಿಲ್ ಎತ್ತಿ.