ಯುವಿ ಟಾರ್ಚ್, ಎಟಿಪಿ ಮೀಟರ್, ಕಲ್ಚರ್ ಪ್ಲೇಟು: ನಮ್ಮ ವಾರ್ಡಿಗೆ ಯಾವುದು ಒಗ್ಗಿತು

ಬಳ್ಳಾರಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಸೋಂಕು ನಿಯಂತ್ರಣ ನನ್ನ ಜವಾಬ್ದಾರಿ. 2024ರ ನವೆಂಬರಿನಲ್ಲಿ ಈ ಊರಿನ ಬಾಣಂತಿಯರ ಸಾವು ಸುದ್ದಿಯಾದ ಮೇಲೆ ರೋಗಿಗಳ ಕಡೆಯವರು ನೇರವಾಗಿ ಕೇಳತೊಡಗಿದರು: "ಈ ಮಂಚ ಕ್ಲೀನ್ ಐತೇನ್ರಿ ಸಿಸ್ಟರ್?" ಆಗ ಸಂಶಯ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ. ಅದರ ಪರೀಕ್ಷೆ ಔಷಧ ಪ್ರಯೋಗಾಲಯದ್ದು. ಸ್ಟೆರಿಲಿಟಿ, ಅಂದರೆ ಅದರಲ್ಲಿ ಯಾವ ಕೀಟಾಣುವೂ ಇಲ್ಲವೇ ಎಂದು ನೋಡುವುದಕ್ಕೇ 14 ದಿನ ಬೇಕು. ನಮ್ಮ ಕೈಯಲ್ಲಿರುವುದು ಮಂಚ, ನಲ್ಲಿ, ಬಿಪಿ ಪಟ್ಟಿ, ಡ್ರಿಪ್ ಸ್ಟ್ಯಾಂಡು. ಇವನ್ನು ನೋಡಲು ಮೂರು ದಾರಿ ಹಿಡಿದೆವು.

ಯುವಿ ಪೆನ್ನು ಎಲ್ಲಕ್ಕಿಂತ ಅಗ್ಗ. ಕಣ್ಣಿಗೆ ಕಾಣದ ಜೆಲ್‌ನ ಚುಕ್ಕೆಯನ್ನು ರಾತ್ರಿ ಅಲ್ಲಲ್ಲಿ ಇಟ್ಟು ಬರಬೇಕು. ಬೆಳಿಗ್ಗೆ ಒರೆಸಿದ ಮೇಲೆ ಟಾರ್ಚ್ ಹಾಕಬೇಕು. ಚುಕ್ಕೆ ಹೊಳೆದರೆ ಬಟ್ಟೆ ಅಲ್ಲಿಗೆ ಹೋಗಿಲ್ಲ ಎಂದರ್ಥ, ಅಷ್ಟೇ. ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮಲ್ಲಿ ಲಾಕರ್ ಮೇಲ್ಭಾಗದ ಚುಕ್ಕೆ ಯಾವಾಗಲೂ ಹೋಗಿರುತ್ತಿತ್ತು. ಬೆಡ್ ರೇಲಿನ ಅಡಿ, ಡ್ರಿಪ್ ಸ್ಟ್ಯಾಂಡಿನ ತಿರುಪು, ಕಾಲಿಂಗ್ ಬೆಲ್ ಸ್ವಿಚ್ಚು, ಇವುಗಳದ್ದು ಹಾಗೇ ಉಳಿಯುತ್ತಿತ್ತು. ಎರಡು ತೊಂದರೆ ಕಂಡವು. ಬಟ್ಟೆ ಸೋಪಿನ ಪುಡಿಯಲ್ಲಿ ಹೊಳಪಿನ ರಾಸಾಯನಿಕ ಇರುವುದರಿಂದ ಬೆಡ್‌ಶೀಟೆಲ್ಲ ನೀಲಿಯಾಗಿ ಹೊಳೆಯುತ್ತದೆ. ಮತ್ತೆ ಬಳ್ಳಾರಿ ಬಿಸಿಲಿಗೆ ನಮ್ಮ ಪರದೆ ಸಾಲದು, ಬೆಳಕಿನಲ್ಲಿ ಚುಕ್ಕೆ ಸರಿಯಾಗಿ ಕಾಣುವುದಿಲ್ಲ. "ನಮ್ಮ ಮ್ಯಾಲೆ ಪೊಲೀಸ್ ಇಟ್ಟೀರೇನ್ರಿ?" ಎಂದು ಒಬ್ಬ ಆಯಾ ಅಕ್ಕ ಸಿಟ್ಟಾದರು. ಟಾರ್ಚನ್ನು ಅವರ ಕೈಗೇ ಕೊಟ್ಟೆ. ಆಮೇಲೆ ಬೇರೆಯವರ ತಪ್ಪು ಹುಡುಕುವುದರಲ್ಲಿ ಅವರೇ ಮುಂದು!

ಎಟಿಪಿ ಮೀಟರನ್ನು ಡೀಲರ್ ಡೆಮೊಗೆ ಬಿಟ್ಟು ಹೋಗಿದ್ದರು. ಜೀವಕೋಶಗಳಲ್ಲೆಲ್ಲ ಎಟಿಪಿ ಎಂಬ, ಶಕ್ತಿ ಒದಗಿಸುವ ರಾಸಾಯನಿಕ ಇರುತ್ತದೆ. ಮಿಂಚುಹುಳದಲ್ಲಿ ಬೆಳಕು ಹುಟ್ಟಿಸುವ ಲೂಸಿಫೆರೇಸ್ ಕಿಣ್ವ ಈ ಮೀಟರಿನ ಸ್ವಾಬಿನಲ್ಲಿದೆ (ಸ್ವಾಬ್ ಎಂದರೆ ಜಾಗವನ್ನು ಉಜ್ಜಿ ಮಾದರಿ ತೆಗೆಯುವ ಕಡ್ಡಿ). ಅದು ಎಟಿಪಿಗೆ ತಾಗಿದರೆ ಬೆಳಕು ಬರುತ್ತದೆ. ಮೀಟರ್ ಆ ಬೆಳಕನ್ನು ಆರ್‌ಎಲ್‌ಯು ಎಂಬ ಅಳತೆಯ ಅಂಕಿಯಾಗಿ ತೋರಿಸುತ್ತದೆ, ಅಂಕಿ ಜಾಸ್ತಿಯಾದಷ್ಟೂ ಕೊಳೆ ಜಾಸ್ತಿ. ಅರ್ಧ ನಿಮಿಷದೊಳಗೆ ಉತ್ತರ. ಡಾಕ್ಟರುಗಳಿಗೆ ಅಂಕಿ ಎಂದರೆ ಇಷ್ಟ ಅಲ್ವಾ, ಎಲ್ಲರೂ ಸುತ್ತ ನಿಂತರು. ನಮ್ಮ ಬಿಪಿ ಪಟ್ಟಿಯ ಅಂಕಿ ನೋಡಿ ಅದೇ ದಿನ ಅದನ್ನು ಒಗೆಯಲು ಹಾಕಿದರು. ವರ್ಷಗಟ್ಟಲೆ ನಾನು ಹೇಳಿದ್ದಕ್ಕೆ ಆಗದ್ದು ಅದರಿಂದ ಆಯಿತು.

ಆದರೆ ಅದು ಕೀಟಾಣು ಪತ್ತೆ ಯಂತ್ರ ಎಂದು ಡೀಲರ್ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ರಕ್ತ, ಚರ್ಮದ ಹೊಟ್ಟು, ಚೆಲ್ಲಿದ ಊಟ, ಎಲ್ಲದರಲ್ಲೂ ಎಟಿಪಿ ಇದೆ. ಮೋಸಂಬಿ ರಸ ಚೆಲ್ಲಿದ್ದ ಒಂದು ಲಾಕರ್ ಎಲ್ಲಕ್ಕಿಂತ ಜಾಸ್ತಿ ಅಂಕಿ ತೋರಿಸಿತು. ಮೋಸಂಬಿಯಿಂದ ಯಾರಿಗೆ ಸೋಂಕು ಬಂದೀತು? ಉಲ್ಟಾ ಕೂಡ ಆಯಿತು. ನವಜಾತ ಶಿಶುಗಳ ಕೋಣೆಯ ಸಿಂಕಿನ ಅಂಚಿನಲ್ಲಿ ಅಂಕಿ ಕಡಿಮೆಯೇ ಬಂತು. ಅಲ್ಲಿಂದಲೇ ತೆಗೆದ ಕಲ್ಚರಿನಲ್ಲಿ (ಸ್ವಾಬಿಗೆ ಹತ್ತಿದ್ದನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಸೋಂಕು ತರಬಲ್ಲ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಬೆಳೆಯಿತು. ಒಂದು ಬ್ಯಾಕ್ಟೀರಿಯಾದೊಳಗಿನ ಎಟಿಪಿ ತೀರಾ ಸ್ವಲ್ಪ. ಬರೀ ಬ್ಯಾಕ್ಟೀರಿಯಾವೇ ಆದರೆ ಸಾವಿರಗಟ್ಟಲೆ ಇದ್ದರೂ ಅಂಕಿ ಏರುವುದು ಕಷ್ಟ. ವೈರಸ್ಸಿಗಂತೂ ಸ್ವಂತ ಎಟಿಪಿಯೇ ಇಲ್ಲ. ಹೈಪೋ (ಕ್ಲೋರಿನ್ ಇರುವ ಸೋಂಕುನಾಶಕ ದ್ರಾವಣ) ಒರೆಸಿ ಅದು ಒಣಗುವ ಮುಂಚೆ ಸ್ವಾಬ್ ಮಾಡಿದರೆ ಕ್ಲೋರಿನ್ ಬೆಳಕನ್ನೇ ಕುಗ್ಗಿಸಬಹುದು, ಆಗ ಕೊಳೆ ಇದ್ದರೂ ಪಾಸು. ಒಂದು ಕಂಪನಿಯ 100 ಇನ್ನೊಂದು ಕಂಪನಿಯ 100 ಅಲ್ಲ ಎಂಬುದೂ ನೆನಪಿರಲಿ. ಜೊತೆಗೆ ಸ್ವಾಬನ್ನು ಫ್ರಿಜ್ಜಿನಲ್ಲಿಟ್ಟು, ಬಳಸುವ ಮುಂಚೆ ಹೊರಗೆ ತೆಗೆದು ಕಾಯಬೇಕು. ಲಸಿಕೆ ಫ್ರಿಜ್ಜಿನಲ್ಲಿ ಬೇರೆ ಏನೂ ಇಡುವಂತಿಲ್ಲ, ಹಾಗಾಗಿ ಲ್ಯಾಬಿನವರ ಕಾಲು ಹಿಡಿಯಬೇಕಾಯಿತು.

ಕಲ್ಚರಿಗೆ ತಾಳ್ಮೆ ಬೇಕು. ಸ್ವಾಬನ್ನು ಬ್ಲಡ್ ಅಗರ್, ಮ್ಯಾಕಾಂಕಿ ಎಂಬ, ಬ್ಯಾಕ್ಟೀರಿಯಾಕ್ಕೆ ಆಹಾರವಿರುವ ಪ್ಲೇಟಿನ ಮೇಲೆ ಉಜ್ಜಿ 37 ಡಿಗ್ರಿಯಲ್ಲಿಟ್ಟರೆ 24ರಿಂದ 48 ಗಂಟೆ. ಅಷ್ಟರಲ್ಲಿ ಆ ಮಂಚಕ್ಕೆ ಇನ್ನೊಬ್ಬ ರೋಗಿ ಬಂದಿರುತ್ತಾರೆ. ಆದರೆ ಯಾವ ಕೀಟಾಣು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಈ ಮೂರರಲ್ಲಿ ಹೇಳುವುದು ಇದೊಂದೇ. ಹೈಪೋ ಹಾಕಿದ ಜಾಗವಾದರೆ ಕ್ಲೋರಿನ್ನನ್ನು ಸುಮ್ಮನಾಗಿಸುವ ದ್ರಾವಣವಿರುವ ಸ್ವಾಬೇ ಬೇಕು. ಬರೀ ಸಲೈನ್ ಸ್ವಾಬಾದರೆ ಬ್ಯಾಕ್ಟೀರಿಯಾ ಲ್ಯಾಬಿಗೆ ಹೋಗುವ ದಾರಿಯಲ್ಲೇ ಸಾಯಬಹುದು, ರಿಪೋರ್ಟ್ ಚೆನ್ನಾಗಿ ಬರುತ್ತದೆ. ತಿಂಗಳಿಗೊಮ್ಮೆ ಗೋಡೆ, ನೆಲದಿಂದೆಲ್ಲ ಸ್ವಾಬ್ ತೆಗೆದು ಫೈಲು ತುಂಬಿಸುವುದು ಈಗಲೂ ಕೆಲವು ಕಡೆ ಇದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1970ರ ಹೊತ್ತಿಗೇ ಅದನ್ನು ಬಿಡಿ ಎಂದಿತ್ತು. ಒಂದೇ ವಾರ್ಡಿನಲ್ಲಿ ಒಂದೇ ಥರದ ಸೋಂಕು ಮತ್ತೆ ಮತ್ತೆ ಬಂದಾಗ ಮಾಡಿ, ಆಗ ಅದಕ್ಕೆ ಅರ್ಥವಿದೆ.

ಜೀನ್‌ಎಕ್ಸ್‌ಪರ್ಟ್ ಬಗ್ಗೆಯೂ ಕೇಳುತ್ತಾರೆ. ಅದು ಕೀಟಾಣುವಿನ ಡಿಎನ್‌ಎ ಹುಡುಕುವ ಯಂತ್ರ. ಟಿಬಿಗೆ ಬಳಸುವ ಅದೇ ಯಂತ್ರದಲ್ಲಿ ಬೇರೆ ಕಾರ್ಟ್ರಿಜ್ ಹಾಕಿದರೆ ರೋಗಿಯ ಮೂಗಿನ ಸ್ವಾಬಿನಿಂದ ಎಂಆರ್‌ಎಸ್‌ಎ (ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗದ ಒಂದು ಬ್ಯಾಕ್ಟೀರಿಯಾ) ಇದೆಯೇ ಎಂದು ಸುಮಾರು ಒಂದು ಗಂಟೆಯಲ್ಲಿ ತಿಳಿಯುತ್ತದೆ. ಅದು ರೋಗಿಗೆ, ಮಂಚಕ್ಕಲ್ಲ.

ಮೀಟರ್ ಕೊಳ್ಳೋಣವಾ ಎಂದು ಮ್ಯಾನೇಜ್‌ಮೆಂಟ್ ಕೇಳಿತು. ಈಗ ಬೇಡ ಎಂದೆ. ಯಂತ್ರದ ಖರ್ಚು ಒಂದೇ ಸಲ, ಒಮ್ಮೆ ಬಳಸಿ ಎಸೆಯುವ ಸ್ವಾಬಿನ ಖರ್ಚು ಮಾತ್ರ ನಿಲ್ಲುವುದಿಲ್ಲ. ಎಂಡೋಸ್ಕೋಪಿ ಮಾಡುವ ದೊಡ್ಡ ಆಸ್ಪತ್ರೆಯಾಗಿದ್ದರೆ ನಾನೇ ಕೊಳ್ಳಿ ಎನ್ನುತ್ತಿದ್ದೆ. ಸ್ಕೋಪಿನ ಸಣ್ಣ ನಳಿಗೆಯೊಳಗೆ ಕಣ್ಣೂ ಟಾರ್ಚೂ ಹೋಗುವುದಿಲ್ಲ, ತೊಳೆದದ್ದು ಸಾಕಾಯಿತೇ ಎಂದು ಅಲ್ಲೇ ತಿಳಿಯಲು ಎಟಿಪಿ ಒಳ್ಳೆಯದು. ನಮಗೆ ಎರಡು ಯುವಿ ಪೆನ್ನು, ಪ್ರತಿ ಮಂಚಕ್ಕೂ ಬೇರೆ ಬೇರೆ ಒರೆಸುವ ಬಟ್ಟೆ, ಶಿಶುಗಳ ಕೋಣೆಯ ಆ ಸಿಂಕಿಗೆ ಹೊಸ ನಲ್ಲಿ, ಇಷ್ಟನ್ನು ಬರೆದುಕೊಟ್ಟೆ. ಪೆನ್ನು, ಬಟ್ಟೆ ಬಂದವು. ನಲ್ಲಿ ಇನ್ನೂ ಬಂದಿಲ್ಲ, ಅಲ್ಲಿಯವರೆಗೆ ಮಕ್ಕಳಿಗೆ ಹಾಲು ಕುಡಿಸುವ ಒಳಲೆಗಳನ್ನು ಆ ಸಿಂಕಿನಲ್ಲಿ ತೊಳೆಯುವುದನ್ನು ನಿಲ್ಲಿಸಿದ್ದೇವೆ.